ಎತ್ತಪ್ಪ ಬೈದು ಕಳೆದುಕೊಂಡ ಜೀಪು

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಲ್ಲಿ ನಡುದಾರಿಗೆ ಎಡಕ್ಕೆ ಹೊರಳಿದರೆ ಸಿಗುವ ಹಟ್ಟಿಯ ಎತ್ತಪ್ಪನಿಗೆ ಎತ್ತಿನ ದಲ್ಲಾಳಿ ಕೆಲಸವನ್ನು ಯಾರೂ ಕಲಿಸಿಕೊಡಲಿಲ್ಲ. ಹೆಸರಿಟ್ಟ ದಿನವೇ ಅರ್ಧ ಕೆಲಸ ಮುಗಿದಿತ್ತು, ಉಳಿದರ್ಧವನ್ನು ತೊಟ್ಟಿಲಲ್ಲಿ ಮಲಗಿಕೊಂಡೇ ಕಲಿತ ಎಂದು ಹಟ್ಟಿಯವರು ಹೇಳುತ್ತಿದ್ದರು. ಬಾಲದ ತುದಿ ನೋಡಿ ಆ ಎತ್ತಿನ ಅಜ್ಜ ಯಾವ ಹೊಲದಲ್ಲಿ ಮೇಯ್ದಿತ್ತು ಎಂದು ಹೇಳಬಲ್ಲವನಾಗಿದ್ದ. ಒಂದು ಸಲ ಚಳ್ಳಕೆರೆ ಕಡೆಯ ಗಿರಾಕಿಯೊಬ್ಬ ಎತ್ತನ್ನೇ ಎಸ್‌ಟಿಡಿ ಬೂತಿಗೆ ಹೊಡೆದುಕೊಂಡು ಬಂದು, ರಿಸೀವರನ್ನು ಅದರ ಬಾಯಿಗೆ ಹಿಡಿದು ಒಂದು ಅಂಬಾ ಅನ್ನಿಸಿದನಂತೆ. ಹೊಳಲ್ಕೆರೆಯಲ್ಲಿ ಕಿವಿಗೊಟ್ಟು ಕುಳಿತಿದ್ದ ಎತ್ತಪ್ಪ, "ಎಡಗಣ್ಣಿಗೆ ಪೊರೆ ಬಂದೈತೆ, ಬ್ಯಾಡ" ಎಂದು ಫೋನಿಟ್ಟ. ನಂಬದವರು ಹೋಗಿ ಆ ಬೂತಿನವನನ್ನು ಕೇಳಬಹುದಿತ್ತು. ಏನು ಮಾಡುವುದು, ಈಗ ಬೂತೇ ಇಲ್ಲ.

ಆದರೆ ಅವನ ನಿಜವಾದ ವಿದ್ಯೆ ಕಣ್ಣಿನದೂ ಅಲ್ಲ, ಕಿವಿಯದೂ ಅಲ್ಲ, ನಾಲಿಗೆಯದು. ಸಂತೆಯಲ್ಲಿ ಒಂದು ಎತ್ತು ಮನಸ್ಸಿಗೆ ಹಿಡಿಸಿತು ಎಂದು ಮುಖದಲ್ಲಿ ತೋರಿಸಿಕೊಂಡ ದಲ್ಲಾಳಿ ಅಲ್ಲೇ ಮುಳುಗಿದ. ಬೇಕಾದ ಎತ್ತನ್ನು ಬೈಯಬೇಕು, ಬೇಡವಾದದ್ದನ್ನು ಹೊಗಳಬೇಕು. ಬೇಕಾದ ಎತ್ತಿನ ಮುಂದೆ ನಿಂತು, ಇದೇನು ಎತ್ತೋ ಇಲ್ಲಾ ಮಳೆಗೆ ನೆಂದ ಕಂಬಳಿಯೋ ಎಂದು ಕೇಳಬೇಕು. ಪಕ್ಕದಲ್ಲಿ ನಿಂತ ಬಡಕಲನ್ನು ನೋಡಿ, ಇದಪ್ಪ ಎತ್ತು ಎಂದು ಕಣ್ಣರಳಿಸಬೇಕು. ಮಾರುವವನಿಗೂ ಈ ಆಟ ಗೊತ್ತು. ಬೈಗುಳ ಜೋರಾದಷ್ಟೂ ಗಿರಾಕಿ ಗಟ್ಟಿ ಎಂದು ಅವನು ಒಳಗೊಳಗೇ ನಗುತ್ತಾನೆ. ಕೊನೆಗೆ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ, ಬೆಲೆ ಮಾತಾಡಿಕೊಳ್ಳುತ್ತಾರೆ. ಅಲ್ಲಿ ಬಾಯಿಗೆ ಕೆಲಸವಿಲ್ಲ. ಕೈಗೆ ಕೈ ಕೂಡಿತೆಂದರೆ ವ್ಯಾಪಾರ ಮುಗಿಯಿತು. ಆಮೇಲೆ ಹಿಂದೆ ಸರಿದವನಿಗೆ ಸಂತೆಯಲ್ಲಿ ಕುಡಿಯಲು ನೀರು ಕೊಡುವವರೂ ಇಲ್ಲ.

ಈ ವಿದ್ಯೆ ಸಂತೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಎತ್ತಪ್ಪ ಅದನ್ನು ಹೆಗಲ ಮೇಲಿನ ಟವೆಲ್ಲಿನ ಹಾಗೆ ಮನೆಗೂ ಹಾಕಿಕೊಂಡು ಬಂದ. ಹೆಣ್ಣು ನೋಡಲು ಗಂಗಕ್ಕನ ಮನೆಗೆ ಹೋದ ದಿನ ಹುಡುಗಿ ನೀರಿನ ಚೊಂಬು ಇಟ್ಟು ಒಳಗೆ ಹೋಗುತ್ತಲೇ ಎಲ್ಲರ ಮುಂದೆ ಶುರುಮಾಡಿದನಂತೆ:

"ಹುಡುಗಿ ಸ್ವಲ್ಪ ಗಿಡ್ಡ. ಕಣ್ಣು ನೋಡಿದ್ರೆ ಅಷ್ಟಗಲ, ಮುಖದಾಗೆ ಮೂಗಿಗೆ ಜಾಗಾನೇ ಉಳಿದಿಲ್ಲ. ನಡಿಗೆ ನೋಡಿದ್ರೆ ಕೆಲಸ ಕಮ್ಮಿ, ಮೇವು ಜಾಸ್ತಿ ಅನ್ನಂಗೈತೆ."

ಹುಡುಗಿಯ ಅಪ್ಪ ಕುರಿ ಮಾರಿ ಹಣ್ಣಾದವನು. ಒಳಗೆ ಮುಖ ಮಾಡಿ ಕೂಗಿ ಹೇಳಿದ: "ಪಾಯಸಕ್ಕೆ ಇಡ್ರವ್ವ. ಹುಡುಗ ಒಪ್ಪವ್ನೆ."

ಬಾಗಿಲ ಹಿಂದೆ ನಿಂತಿದ್ದ ಗಂಗಕ್ಕ ಆವತ್ತು ಅತ್ತ ರಭಸಕ್ಕೆ ಆ ಊರಿನ ಬಾವಿ ಒಂದು ಮೊಳ ಮೇಲೆ ಬಂದಿತಂತೆ. ಆಮೇಲೆ ಅವಳೂ ಆ ಭಾಷೆ ಕಲಿತಳು. ಸಾರಿಗೆ ಉಪ್ಪಿಲ್ಲ, ಖಾರವಿಲ್ಲ, ರುಚಿಯೆಂಬುದು ಇದರ ಬೀದಿಯಲ್ಲೂ ಹಾದಿಲ್ಲ ಎಂದು ಗಂಡ ಗೊಣಗಿದರೆ ಇನ್ನೆರಡು ಸೌಟು ಬಡಿಸುತ್ತಿದ್ದಳು. ಆದರೂ ಒಂದೊಂದು ದಿನ ಒಲೆಯ ಮುಂದೆ ಕುಳಿತು, "ತಿಳಿತೈತೆ ಬಿಡ್ರಿ. ತಿಳಿದ್ರೂ ಒಂದ್ಸಲ ನೆಟ್ಟಗೆ ಹೇಳಿದ್ರೆ ನಿಮ್ಮ ನಾಲಿಗೆ ಏನ್ ಸವಿತದಾ?" ಎನ್ನುತ್ತಿದ್ದಳು. ಎತ್ತಪ್ಪ ಕೆಮ್ಮಿ ಹೊರಗೆ ಹೋಗುತ್ತಿದ್ದ.

ಅವನು ಜೀವಮಾನದಲ್ಲಿ ಬೈಯದೆ ಪ್ರೀತಿ ಮಾಡಿದ್ದು ಒಂದೇ ಒಂದನ್ನು. ಅದು ಜಂಪಣ್ಣನ ಜೀಪು.

ಜಂಪಣ್ಣ ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು ಬಾಡಿಗೆಗೆ ಜೀಪು ನಿಲ್ಲಿಸಿಕೊಂಡಿದ್ದ ಡ್ರೈವರು. ಎತ್ತಪ್ಪನಿಗಿಂತ ನಾಲ್ಕು ವರ್ಷ ದೊಡ್ಡವನು, ಹೆಂಡತಿ ತೀರಿಕೊಂಡ ಮೇಲೆ ಜೀಪೇ ಸಂಸಾರ. ಜೀಪೆಂದರೆ ಉದ್ದನೆಯ, ಹದಿನೆಂಟು ಮಂದಿಯನ್ನು ತುಂಬುವ ಜೀಪಲ್ಲ. ಕಾರಿನಷ್ಟು ಗಿಡ್ಡವಲ್ಲ, ವ್ಯಾನಿನಷ್ಟು ಉದ್ದವಲ್ಲ, ಕಲ್ಲು ಮುಳ್ಳು ಹಳ್ಳ ಯಾವುದಕ್ಕೂ ಹೆದರದ ಚಿಕ್ಕ ಗಾಡಿ. ಬೆಂಗಳೂರಿನವರು ಇಂಥದ್ದಕ್ಕೆ ಎಸ್‌ಯುವಿ ಎಂದು ಹೆಸರಿಟ್ಟರು, ನಮ್ಮ ಕಡೆಯವರು ಮರಿಜೀಪು ಎಂದರು. ಕಂಪನಿಯವರು ಕೊಟ್ಟ ಬಣ್ಣ ಹಸಿರು, ಹೊಳಲ್ಕೆರೆಯ ರಸ್ತೆ ಕೊಟ್ಟ ಬಣ್ಣ ಕೆಂಪು. ಹೊರಕೆರೆದೇವಪುರಕ್ಕೆ ಹೋಗುವ ಭಕ್ತರನ್ನು ಹೊತ್ತು ಹೊತ್ತು ಆ ಜೀಪಿಗೆ ಅರ್ಧ ಪುಣ್ಯ ಬಂದುಬಿಟ್ಟಿದೆ, ಡೀಸೆಲ್ ಮುಗಿದರೂ ಆ ಪುಣ್ಯದ ಮೇಲೆ ಎರಡು ಮೈಲಿ ಓಡುತ್ತದೆ ಎಂದು ಜಂಪಣ್ಣ ಹೇಳುತ್ತಿದ್ದ.

ತೊಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ಗಂಗಕ್ಕನಿಗೆ ಹೆರಿಗೆ ನೋವು ಶುರುವಾದಾಗ ಹಟ್ಟಿಗೆ ಬಂದದ್ದು ಅದೇ ಜೀಪು. ಬಿಸಿಲು ನೆತ್ತಿಗೇರಿತ್ತು. ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕು. ಜಂಪಣ್ಣ ಓಡಿಸಿದ ವೇಗಕ್ಕೆ ರಸ್ತೆ ಬದಿಯ ಮರಗಳೆಲ್ಲ ಹೊಳಲ್ಕೆರೆಗೆ ಓಡಿಹೋದವು. ದುರ್ಗದ ಬೆಟ್ಟದ ಬಂಡೆಗಳು ದೂರಕ್ಕೆ ಕಾಣತೊಡಗಿದ್ದವು, ಅಷ್ಟರಲ್ಲಿ ಹಿಂದಿನ ಸೀಟಿನಿಂದ ಕೂಸಿನ ಅಳು ಕೇಳಿತು. ಜಂಪಣ್ಣ ತಿರುಗಿ ನೋಡಿದ. ರಸ್ತೆ ನೋಡಬೇಕಾದವನು ಕೂಸು ನೋಡಿದರೆ ಏನಾಗಬೇಕೋ ಅದೇ ಆಯಿತು. ಜೀಪು ಮೆಲ್ಲಗೆ ಹೋಗಿ ಒಂದು ಹುಣಸೆಮರಕ್ಕೆ ಹಣೆ ಹಚ್ಚಿತು. ಯಾರಿಗೂ ಏನೂ ಆಗಲಿಲ್ಲ. ಬಾನೆಟ್ಟಿನ ಮೇಲೆ ಒಂದು ಬಟ್ಟಲಿನಷ್ಟು ತಗ್ಗು ಬಿತ್ತು, ಅಷ್ಟೇ.

ಹುಟ್ಟಿದ್ದು ಹೆಣ್ಣು. ದೀಪಾ ಎಂದು ಹೆಸರಿಟ್ಟರು. ಜಂಪಣ್ಣ ಆವತ್ತಿನ ಬಾಡಿಗೆ ಮುಟ್ಟಲಿಲ್ಲ. ಆ ತಗ್ಗನ್ನು ಗ್ಯಾರೇಜಿನವರು ಬಡಿದು ನೆಟ್ಟಗೆ ಮಾಡುತ್ತೇವೆಂದರೂ ಬಿಡಲಿಲ್ಲ. "ಅದು ನನ್ನ ದೀಪನ ಜಾತ್ಕ ಕಣ್ರೋ. ಅದರ ಮ್ಯಾಲೆ ಸುತ್ತಿಗೆ ಬಿದ್ರೆ ಹುಡುಗೀಗೆ ನೋವಾಗ್ತದೆ" ಎನ್ನುತ್ತಿದ್ದ. ಮಳೆ ಬಂದಾಗ ಆ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು, ಗುಬ್ಬಿಗಳು ಬಂದು ಸ್ನಾನ ಮಾಡುತ್ತಿದ್ದವು. ದೀಪಾ ಸ್ವಲ್ಪ ದೊಡ್ಡವಳಾದ ಮೇಲೆ, ಜೀಪು ಹಟ್ಟಿಗೆ ಬಂದಾಗಲೆಲ್ಲ ಆ ತಗ್ಗಿಗೆ ಒಂದು ಹೂವಿಡುತ್ತಿದ್ದಳು. ಜಂಪಣ್ಣನನ್ನು ಅವಳು ದೊಡ್ಡಪ್ಪ ಎಂದೇ ಕರೆಯುತ್ತಿದ್ದುದು. ಎತ್ತಪ್ಪ ಸ್ಟಿಯರಿಂಗ್ ಹಿಡಿಯಲು ಕಲಿತದ್ದೂ ಅದೇ ಜೀಪಿನಲ್ಲಿ. ಪಕ್ಕದಲ್ಲಿ ಕುಳಿತ ಜಂಪಣ್ಣ ಬೈದ ಬೈಗುಳಕ್ಕೆ ಸಂತೆಯ ದಲ್ಲಾಳಿಗಳೇ ಬಂದು ಪಾಠ ಹೇಳಿಸಿಕೊಳ್ಳಬೇಕಿತ್ತು. "ಲೇ, ಅದು ಗೇರು ಕಣೋ, ಎತ್ತಿನ ಬಾಲ ಅಲ್ಲ ತಿರುವಾಕೆ."

ಹೊಸ ಶತಮಾನ ಬಂತು. ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಗಿರಣಿಗಳು ಎದ್ದವು. ಹೊಲಕ್ಕೆ ಟ್ರ್ಯಾಕ್ಟರ್ ಬಂದು ಸಂತೆಯಲ್ಲಿ ಎತ್ತಿನ ಸಾಲು ಗಿಡ್ಡವಾಯಿತು. ಎತ್ತಿರುವ ಮನೆಯನ್ನು ಹುಡುಕಿಕೊಂಡು ಊರೂರು ತಿರುಗಬೇಕಾದ ಕಾಲ. ಎತ್ತಪ್ಪನ ಮೊಣಕಾಲು ನಡೆದು ನಡೆದು ಸವೆದಿದ್ದವು, ಮೆಟ್ಟಿಲು ಹತ್ತಿದರೆ ಗಾಣ ತಿರುಗಿದ ಸದ್ದು ಬರುತ್ತಿತ್ತು. ಒಂದು ಗಾಡಿ ಬೇಕೇಬೇಕು ಅನ್ನಿಸಿತು. ಅದೇ ಹೊತ್ತಿಗೆ, ಎರಡು ಸಾವಿರದ ನಾಲ್ಕರಲ್ಲಿ, ಸಕ್ಕರೆ ಕಾಯಿಲೆ ಜಂಪಣ್ಣನ ಕಣ್ಣಿಗೆ ಇಳಿಯಿತು. ಎದುರಿಗೆ ಬರುವುದು ಲಾರಿಯೋ ಎಮ್ಮೆಯೋ ಎಂದು ಹಾರನ್ ಕೇಳಿ ತಿಳಿದುಕೊಳ್ಳುವ ಸ್ಥಿತಿ. ಡಾಕ್ಟರು ಸ್ಟಿಯರಿಂಗ್ ಮುಟ್ಟಬೇಡ ಎಂದರು.

ಜಂಪಣ್ಣ ತಾನೇ ಬಸ್ ಹತ್ತಿ ಹಟ್ಟಿಗೆ ಬಂದ. ಕಟ್ಟೆಯ ಮೇಲೆ ಕುಳಿತು ಹೇಳಿದ:

"ಜೀಪ್ ಮಾರ್ಬೇಕು ಕಣೋ ಎತ್ತಪ್ಪ. ನಿನಗೇ ಕೊಡ್ತೀನಿ. ಬ್ಯಾರೆಯೋರು ಕೇಳ್ಯಾರೆ, ನಾ ಹ್ಞೂಂ ಅಂದಿಲ್ಲ. ನೀನು ಓಡ್ಸು. ನಾನು ಪಕ್ಕದಾಗೆ ಕುಂತು ಬೈತೀನಿ. ನನಗೆ ಅಷ್ಟು ಸಾಕು."

ಒಳಗಿನಿಂದ ದೀಪಾ ಓಡಿಬಂದು, "ನನ್ನ ಜೀಪು ನಮ್ಮನೇಗೇ ಬರ್ತದಾ ದೊಡ್ಡಪ್ಪ?" ಎಂದಳು. ಗಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎತ್ತಪ್ಪನ ಎದೆ ಆವತ್ತು ಹಿಗ್ಗಿದ್ದು ಎಷ್ಟೆಂದರೆ ಅಂಗಿಯ ಮೇಲಿನ ಗುಂಡಿ ಕಿತ್ತು ಹೋಗಿ ಕೊಟ್ಟಿಗೆಯ ಎತ್ತಿಗೆ ತಗುಲಿತು. ಆದರೆ ನಾಲಿಗೆ? ನಾಲಿಗೆ ಹೇಳಿದ್ದು ಇಷ್ಟು: "ನೋಡಾಣ. ಸಂತೆ ದಿನ ತಗಂಡ್ ಬಾ. ಇನ್ನೊಂದು ಗಾಡೀನೂ ನೋಡಾಕೆ ಐತೆ."

ಇನ್ನೊಂದು ಗಾಡಿ ಇತ್ತು ಎಂಬುದೇನೋ ನಿಜ. ಭೀಮಸಮುದ್ರದ ಅಡಿಕೆ ವ್ಯಾಪಾರಿ ಮುದ್ದಪ್ಪ ತನ್ನ ಬಿಳಿ ಗಾಡಿ ಮಾರುವುದಕ್ಕಿಟ್ಟಿದ್ದ. ಅದೂ ಮರಿಜೀಪಿನ ಜಾತಿಯದೇ, ಆದರೆ ಶ್ರೀಮಂತರ ಮನೆಯ ಮರಿ. ಎ.ಸಿ. ಇತ್ತು. ಕಿಟಕಿಗೆ ಜರಿಯಂಚಿನ ಪರದೆ, ಸೀಟಿಗೆ ಮಖಮಲ್ಲು, ಮುಂದೆ ಅತ್ತರಿನ ಶೀಷೆ. ಅದರಲ್ಲಿ ಕುಳಿತ ನೊಣ ಕೂಡ ಕಾಲೊರೆಸಿಕೊಂಡು ಕುಳಿತುಕೊಳ್ಳುತ್ತಿತ್ತು. ಎತ್ತಪ್ಪನಿಗೆ ಅದು ಬೇಕಿರಲಿಲ್ಲ. ಆದರೆ ಪಕ್ಕದಲ್ಲಿ ಹೊಗಳಲು ಇನ್ನೊಂದು ಎತ್ತಿಲ್ಲದೆ ಅವನು ಯಾವತ್ತೂ ವ್ಯಾಪಾರ ಮಾಡಿದವನಲ್ಲ. ಬಾಯಿಗೆ ಎಲೆಯಡಿಕೆ ಇದ್ದ ಹಾಗೆ ಅದೊಂದು ಅಭ್ಯಾಸ. ಮುದ್ದಪ್ಪನಿಗೂ ಹೇಳಿ ಕಳಿಸಿದ.

ಸಂತೆಗೆ ಹೊರಡುವಾಗ ಗಂಗಕ್ಕ ಬಾಗಿಲಿಗೆ ಬಂದು ನಿಂತಳು.

"ಜಂಪಣ್ಣ ಎತ್ತು ಮಾರೋನಲ್ಲ, ಡ್ರೈವರು. ನಿಮ್ಮ ಆಟ ಅವನಿಗೆ ತಿಳಿಯಾಕಿಲ್ಲ. ಗಾಡಿ ನಮಗೆ ಬೇಕು ಅಂತ ನೆಟ್ಟಗೆ ಹೇಳಿ ತಗಂಡ್ ಬರ್ರಿ."

"ವ್ಯಾಪಾರ ನಿಂಗೇನ್ ತಿಳಿತೈತೆ? ಅವನು ಕೇಳಿದ್ಕಿಂತ ಜಾಸ್ತೀನೇ ಕೊಡ್ತೀನಿ, ಟವೆಲ್ಲಿನ ಕೆಳಗೆ. ಬೆರಳು ಒತ್ತಿದಾಗ ಅವನ ಮುಖ ನೋಡ್ಬೇಕು ನೀನು. ಆರತಿ ತಟ್ಟೆ ರೆಡಿ ಮಾಡ್ಕ್ಯಾ."

ಅದೇ ಅವನ ಲೆಕ್ಕಾಚಾರ. ಮೇಲೆ ಬೈಗುಳ, ಕೆಳಗೆ ಬೆರಳು. ಸ್ನೇಹಿತನಿಗೆ ಕೊನೆಯಲ್ಲಿ ಒಂದು ಅಚ್ಚರಿ ಕೊಡಬೇಕು ಎಂಬ ಹುಡುಗಾಟ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಎಳ್ಳಷ್ಟೂ ಇರಲಿಲ್ಲ, ಇದ್ದಿದ್ದರೆ ಮುಂದೆ ಇಷ್ಟು ಸಂಕಟವೂ ಆಗುತ್ತಿರಲಿಲ್ಲ.

ಸಂತೆಯ ಬೇವಿನಮರದ ಕೆಳಗೆ ಎರಡು ಗಾಡಿ ಪಕ್ಕಪಕ್ಕ ನಿಂತವು. ಎತ್ತು ನೋಡಲು ಬಂದವರೆಲ್ಲ ಎತ್ತು ಬಿಟ್ಟು ಇಲ್ಲಿಗೆ ಬಂದರು. ಎತ್ತುಗಳೂ ಕತ್ತು ಹೊರಳಿಸಿದವು. ಮುದ್ದಪ್ಪ ತನ್ನ ಗಾಡಿಗೆ ಒರಗದೆ, ಅಂಗಿ ಮಾಸೀತು ಎಂದೋ ಗಾಡಿ ಮಾಸೀತು ಎಂದೋ, ಒಂದು ಗೇಣು ದೂರ ನಿಂತಿದ್ದ. ಜಂಪಣ್ಣ ತನ್ನ ಜೀಪನ್ನು ಯಾರದೋ ಕೈಲಿ ಓಡಿಸಿಕೊಂಡು ಬಂದಿದ್ದ. ಆವತ್ತು ಅದಕ್ಕೆ ಸ್ನಾನವಾಗಿತ್ತು, ಹಣೆಗೆ ಕುಂಕುಮವಿತ್ತು. ಜಂಪಣ್ಣ ಕಣ್ಣು ಕಿರಿದು ಮಾಡಿ ಎತ್ತಪ್ಪನ ದನಿ ಬಂದ ಕಡೆ ಮುಖ ತಿರುಗಿಸಿ ನಗುತ್ತ ನಿಂತಿದ್ದ.

ಎತ್ತಪ್ಪ ಟವೆಲ್ಲು ಕೊಡವಿದ. ಮೊದಲು ಬಿಳಿಯದನ್ನು ಒಂದು ಸುತ್ತು ಬಂದ.

"ಆಹಾ. ಮುದ್ದಪ್ಪನೋರೇ, ಇದು ಗಾಡಿಯಲ್ಲ, ಹಸೆಮಣೆಗೆ ಕುಂತ ಗಂಡು. ನಿಂತ ಗತ್ತು ನೋಡ್ರಪ್ಪ. ಇದನ್ನ ಮನೆ ಮುಂದೆ ಕಟ್ಟಿದ್ರೆ ಮನೆಗೆ ಸುಣ್ಣ ಹೊಡ್ಸೋದೇ ಬ್ಯಾಡ."

ಜನ ನಕ್ಕರು. ಜಂಪಣ್ಣನೂ ನಕ್ಕ. ಎತ್ತಪ್ಪ ಜೀಪಿನ ಕಡೆ ತಿರುಗಿದ. ಬಾನೆಟ್ಟು ಎತ್ತಿ, ಎತ್ತಿನ ಬಾಯಿ ತೆರೆದು ಹಲ್ಲು ನೋಡುವ ಹಾಗೆ ಬಗ್ಗಿ ನೋಡಿದ.

"ಅಯ್ಯಯ್ಯೋ. ಹಲ್ಲೆಲ್ಲ ಸವೆದು ಹೋಗ್ಯಾವೆ. ಸ್ಟಾರ್ಟ್ ಮಾಡ್ರಿ ನೋಡಾಣ. ಕೇಳಿಸ್ತಾ? ದಮ್ಮು. ಇದಕ್ಕೆ ಡೀಸೆಲ್ ಬ್ಯಾಡ, ಮೆಣಸಿನ ಕಷಾಯ ಹಾಕ್ರಿ."

"ಹೊಡಿಯಣ್ಣ ಹೊಡಿ" ಎಂದು ಹಿಂದಿನಿಂದ ಯಾರೋ ಹುರಿದುಂಬಿಸಿದರು.

"ಒಂದು ಸುತ್ತು ನಡೆಸ್ರಿ. ನಡಿಗೆ ನೋಡ್ರಪ್ಪ, ಮುಂದಿನ ಕಾಲು ಹೊಳಲ್ಕೆರೆಗೆ ಹೋದ್ರೆ ಹಿಂದಿನ ಕಾಲು ಹೊಸದುರ್ಗಕ್ಕೆ ಹೋಗ್ತಾವೆ. ಇದನ್ನ ಹತ್ತಿದೋನು ಊರು ಮುಟ್ಟಾಕಿಲ್ಲ, ಎರಡು ಊರಿಗೂ ಅರ್ಧರ್ಧ ಹಂಚ್ಕ್ಯಂಡ್ ಹೋಗ್ತಾನೆ."

ಸಂತೆ ಹೊಟ್ಟೆ ಹಿಡಿದುಕೊಂಡಿತು. ಅಂಥ ಸೊಗಸಾದ ಬೈಗುಳ ಎಷ್ಟೋ ವರ್ಷದಿಂದ ಆ ಬೇವಿನಮರ ಕೇಳಿರಲಿಲ್ಲ. ಎತ್ತು ಕಡಿಮೆಯಾದ ಮೇಲೆ ಎತ್ತಪ್ಪನ ನಾಲಿಗೆಗೂ ಕೆಲಸ ಕಡಿಮೆಯಾಗಿತ್ತು. ಆವತ್ತು ಹಸಿದ ಎತ್ತು ಮೇವಿಗೆ ಬಿದ್ದಂತೆ ಬಿತ್ತು. ಜನ ನಕ್ಕಷ್ಟೂ ನಾಲಿಗೆ ಮುಂದಕ್ಕೆ ಓಡಿತು. ಸೀಟು, ಚಕ್ರ, ದೀಪ, ಬಾಗಿಲು ಎಲ್ಲ ಮುಗಿಸಿ ಹಣೆಗೆ, ಎತ್ತಿನಲ್ಲಾದರೆ ಕೂದಲ ಸುಳಿ ನೋಡುವ ಜಾಗಕ್ಕೆ, ಬಂತು.

"ಇಲ್ನೋಡ್ರಿ. ಹಣೆ ಮ್ಯಾಲೆ ಕೆಟ್ಟ ಸುಳಿ. ಇಂಥ ಸುಳಿ ಇರೋದನ್ನ ಮನೆಗೆ ಕಟ್ಟಿದ್ರೆ ಮನೆ ಹಾಳಾಗ್ತೈತೆ. ಹೆಣ್ಣುಮಕ್ಕಳಿರೋ ಮನೆಗಂತೂ ಆಗಾಕಿಲ್ಲ."

ಜಂಪಣ್ಣನ ನಗು ಯಾವಾಗ ನಿಂತಿತು ಎಂಬುದನ್ನು ಎತ್ತಪ್ಪ ನೋಡಿರಲಿಲ್ಲ. ಈಗ ನೋಡಿದ. ಅವನು ಮೆಲ್ಲಗೆ ಮುಂದೆ ಬಂದು, ತಡವಿ, ಆ ತಗ್ಗಿನ ಮೇಲೆ ಅಂಗೈ ಮುಚ್ಚಿ ನಿಂತಿದ್ದ. ಮಗುವಿನ ಕಿವಿ ಮುಚ್ಚಿದ ಹಾಗಿತ್ತು.

ಇನ್ನು ಆಟ ಮುಗಿಸಬೇಕು ಎಂದು ಎತ್ತಪ್ಪ ಟವೆಲ್ಲು ಚಾಚಿ ಅದರ ಕೆಳಗೆ ಕೈಯಿಟ್ಟ. "ತಾ ಜಂಪಣ್ಣ, ಕೈ ತಾ."

ಜಂಪಣ್ಣ ಕೈ ಕೊಡಲಿಲ್ಲ. ಅವನಿಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಸಿಟ್ಟನ್ನು ಎತ್ತಪ್ಪ ನಿಭಾಯಿಸಬಲ್ಲವನಾಗಿದ್ದ. ಜಂಪಣ್ಣ ಮೆತ್ತಗೆ, ನಾಚಿಕೆಪಟ್ಟುಕೊಂಡು ಹೇಳಿದ:

"ಬ್ಯಾಡ ಬಿಡಪ್ಪ. ಇಷ್ಟು ಹಾಳಾಗಿರೋದು ನನಗೆ ಕಾಣಿಸ್ಲೇ ಇಲ್ಲ. ಕಣ್ಣು ಹೋಗ್ಯಾವಲ್ಲ. ನಂದು ಚೆನ್ನಾಗೈತೆ ಅಂತಾನೇ ತಿಳ್ಕಂಡಿದ್ದೆ. ನಿನ್ನ ಕಣ್ಣು ಸುಳ್ಳು ಹೇಳಾಕಿಲ್ಲ, ಸಂತೆಗೆಲ್ಲ ಗೊತ್ತು. ಗೊತ್ತಿದ್ದೂ ಇಂಥದ್ದನ್ನ ನಿನ್ನ ತಲೆಗೆ ಕಟ್ಟಿದ್ರೆ ನಾನೆಂಥ ಸ್ನೇಹಿತ? ನಿನಗೆ ಬಿಳೇದು ಒಪ್ಪಿಗೆ ಆಗೈತಲ್ಲ, ಅದನ್ನೇ ತಗ."

ಹಾಗೆ ಹೇಳಿ, ಎತ್ತಪ್ಪನ ಮುಂಗೈ ಹಿಡಿದು, ಟವೆಲ್ಲಿನ ಸಮೇತ ಮುದ್ದಪ್ಪನ ಕೈಯಲ್ಲಿಟ್ಟ.

ಕೈಗೆ ಕೈ ಕೂಡಿತು. ಇಡೀ ಸಂತೆ ನೋಡುತ್ತಿತ್ತು. ಮುದ್ದಪ್ಪ ಬೆರಳು ಒತ್ತಿದ.

ಆಗ ಎತ್ತಪ್ಪ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಜಂಪಣ್ಣ, ಅಷ್ಟೂ ಸುಳ್ಳು, ಈ ಜೀಪಿಲ್ಲದಿದ್ದರೆ ನನ್ನ ಮಗಳೇ ಇಲ್ಲ ಎಂದಿದ್ದರೆ ಸಾಕಿತ್ತು. ಆದರೆ ಹಾಗೆ ಹೇಳಿದ್ದರೆ ಬಿಳಿಯದನ್ನು ಹೊಗಳಿದ್ದೂ ಸುಳ್ಳು ಎಂದು ಮುದ್ದಪ್ಪನ ಮುಂದೆ ಒಪ್ಪಿಕೊಂಡ ಹಾಗೆ. ಕೂಡಿದ ಕೈ ಹಿಂದಕ್ಕೆಳೆದ ಮೊದಲ ದಲ್ಲಾಳಿ ಎಂಬ ಹೆಸರು ಬೇರೆ. ಅವನ ನಾಲಿಗೆ, ದುರ್ಗದ ಬಂಡೆಯನ್ನೂ ಬೈದು ಅರ್ಧ ಬೆಲೆಗೆ ಇಳಿಸಬಲ್ಲ ಆ ನಾಲಿಗೆ, ಬಾಯೊಳಗೆ ಹಸಿ ಚರ್ಮದ ಹಾಗೆ ಬಿದ್ದಿತ್ತು. ಬೆರಳು ತಮ್ಮಷ್ಟಕ್ಕೆ ತಾವು ಮುದ್ದಪ್ಪನ ಬೆರಳಿಗೆ ಉತ್ತರ ಹೇಳಿದವು.

ಬಿಳಿ ಗಾಡಿ ಹಟ್ಟಿಗೆ ಬಂದಾಗ ಗಂಗಕ್ಕ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಗಾಡಿ ನೋಡಿದಳು. ಗಂಡನ ಮುಖ ನೋಡಿದಳು. ತಟ್ಟೆಯನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋಗಿ ದೇವರ ಮುಂದಿಟ್ಟಳು. ದೀಪಾ ಹೂವು ಹಿಡಿದುಕೊಂಡು ಬಂದವಳು ಬಾನೆಟ್ಟನ್ನೆಲ್ಲ ಹುಡುಕಿದಳು. ಇಡುವುದಕ್ಕೆ ತಗ್ಗಿರಲಿಲ್ಲ. ನುಣುಪಿಗೆ ಹೂವು ಜಾರಿ ಕೆಳಗೆ ಬಿತ್ತು.

"ಬಾಯಿಗೆ ಬಂದಂಗೆ ಬೈದ್ರಾ?" ಎಂದು ಗಂಗಕ್ಕ ಊಟಕ್ಕಿಡುವಾಗ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಆವತ್ತು ಸಾರಿನ ಬಗ್ಗೆ ಅವನು ಏನೂ ಅನ್ನಲಿಲ್ಲ. ಅವಳೂ ಎರಡನೇ ಸೌಟು ಬಡಿಸಲಿಲ್ಲ.

ಗಾಡಿಯಲ್ಲಿ ಯಾವ ಕುಂದೂ ಇರಲಿಲ್ಲ. ಅದೊಂದು ದೊಡ್ಡ ಕಷ್ಟ. ಕೆಟ್ಟು ನಿಂತಿದ್ದರೆ ಬೈದಾದರೂ ಸಮಾಧಾನಪಟ್ಟುಕೊಳ್ಳಬಹುದಿತ್ತು. ಅದು ಒಂದು ದಿನವೂ ಕೆಡದೆ, ಕೆಮ್ಮದೆ, ಅತ್ತರಿನ ವಾಸನೆ ಬೀರುತ್ತ, ನೆಂಟಸ್ತಿಕೆಗೆ ಬಂದ ಶ್ರೀಮಂತರ ಹಾಗೆ ಮನೆಯ ಮುಂದೆ ನಿಂತಿರುತ್ತಿತ್ತು. ಗಂಗಕ್ಕ ಅದರ ಹಿಂದಿನ ಸೀಟಿನಲ್ಲೇ ಕುಳಿತುಕೊಳ್ಳುವಳು. "ಮುಂದೆ ಬಾರೇ" ಎಂದರೆ, "ಅದು ಜಂಪಣ್ಣ ಕುಂತ್ಕಳ ಜಾಗ" ಎನ್ನುವಳು.

ಜಂಪಣ್ಣನ ಜೀಪನ್ನು ಕೊಂಡವನು ಹಿರಿಯೂರಿನ ಬಾಲರಾಜು, ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಮೇಸ್ತ್ರಿ. ಅವನಿಗೆ ಜಂಪಣ್ಣ ಏನನ್ನೂ ಮುಚ್ಚಿಡಲಿಲ್ಲವಂತೆ. ಹಲ್ಲು ಸವೆದಿವೆ, ದಮ್ಮು ಇದೆ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಆಗಿಬರುವುದಿಲ್ಲ, ಹಣೆಯಲ್ಲಿ ಕೆಟ್ಟ ಸುಳಿ ಇದೆ, ಇದು ನಾನು ಹೇಳುವುದಲ್ಲ, ಎತ್ತಪ್ಪನಂಥ ಎತ್ತಪ್ಪ ಹೇಳಿದ್ದು ಎಂದು ಎತ್ತಪ್ಪನ ಬೈಗುಳವನ್ನು ಒಂದಕ್ಷರ ಬಿಡದೆ ಒಪ್ಪಿಸಿದನಂತೆ. ಅದಕ್ಕೆ ತಕ್ಕ ಬೆಲೆಗೆ ಕೊಟ್ಟನಂತೆ. ಈ ಸುದ್ದಿ ಬಸ್ ಸ್ಟ್ಯಾಂಡಿನಿಂದ ಹಟ್ಟಿಗೆ ಬಂದ ದಿನ ಎತ್ತಪ್ಪ ಹೋಗಿ ಕೊಟ್ಟಿಗೆಯಲ್ಲಿ ಕುಳಿತ. ಎತ್ತುಗಳು ಅವನನ್ನು ನೋಡಿ ಮೇವು ಬಿಟ್ಟವು.

ಹೊಳಲ್ಕೆರೆಗೆ ಹೋದಾಗ ಅವನು ಜಂಪಣ್ಣನನ್ನು ನೋಡದೆ ಬರುತ್ತಿರಲಿಲ್ಲ. ಕಾಫಿ ಕುಡಿಸುವನು, ಮಾತ್ರೆ ತಂದುಕೊಡುವನು. ಜಂಪಣ್ಣ ಒಂದು ದಿನವೂ ಒರಟು ಮಾತಾಡಲಿಲ್ಲ. "ಬಿಳೇದು ಹೆಂಗೈತೆ?" ಎಂದು ಕೇಳುವನು. "ಐತೆ" ಎಂದು ಇವನು. ಸಂತೆಯ ಆ ದಿನದ ಮಾತು ಮಾತ್ರ ಇಬ್ಬರ ನಡುವೆ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದು ಎತ್ತಪ್ಪ ಮೂರು ವರ್ಷ ದೂಡಿದ. ಅಷ್ಟರಲ್ಲಿ ಜಂಪಣ್ಣನ ಕಣ್ಣಿನಲ್ಲಿ ಉಳಿದಿದ್ದ ನೆರಳು ಬೆಳಕೂ ಹೋಯಿತು.

ಕೊನೆಗೆ ಒಂದು ದಿನ ಎತ್ತಪ್ಪ ಹಿರಿಯೂರಿಗೆ ಹೊರಟ. ಜೀಪನ್ನೇ ವಾಪಸು ತಂದು ಜಂಪಣ್ಣನ ಮನೆಯ ಮುಂದೆ ನಿಲ್ಲಿಸಿದರೆ ಹೇಳುವ ಮಾತು ತಾನಾಗಿ ಬಂದೀತು ಎಂಬ ಆಸೆ. ಹೆದ್ದಾರಿಯ ಪಕ್ಕದಲ್ಲಿ ಜೀಪು ಸಿಕ್ಕಿತು. ಮೈಗೆ ಹೊಸದಾಗಿ ಡಾಂಬರಿನ ಬಣ್ಣ ಹತ್ತಿತ್ತು. ತಗ್ಗು ಹಾಗೆಯೇ ಇತ್ತು. ಬಾಲರಾಜು ಅದರಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಟ್ಟುಕೊಂಡಿದ್ದ.

ಅಲ್ಲಿ ಎತ್ತಪ್ಪ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಬೇಕಾದದ್ದರ ಮುಂದೆ ನಿಂತು ಹೊಗಳಿದ.

"ಇಂಥ ಗಾಡಿ ನಮ್ಮ ಜಿಲ್ಲೇಲೇ ಇಲ್ಲಪ್ಪ. ಇದರ ಇಂಜಿನ್ ದನಿ ಕೇಳಿದ್ರೆ ಮಕ್ಕಳು ನಿದ್ದೆ ಮಾಡ್ತಾವೆ. ಇದರ ಹೊಟ್ಟೇಲಿ ನನ್ನ ಮಗಳು ಹುಟ್ಟ್ಯಾಳೆ. ಆ ಹಣೆ ತಗ್ಗು ಐತಲ್ಲ, ಅದು ಅವಳ ಗುರುತು. ನನಗೆ ಕೊಟ್ಬಿಡು. ಏನ್ ಕೇಳಿದ್ರೂ ಕೊಡ್ತೀನಿ."

ಬಾಲರಾಜು ಬೀಡಿ ಕಟ್ಟು ಎತ್ತಿ ಜೇಬಿಗೆ ಹಾಕಿಕೊಂಡ. ಜೀಪನ್ನು ಮೊದಲ ಸಲ ನೋಡುವವನ ಹಾಗೆ ಸುತ್ತು ಹಾಕಿದ.

"ಹೌದೇನ್ರಿ? ನಾನೂ ಅದೇ ಅನ್ಕತಿದ್ದೆ. ಮಾರಿದ ಮುದುಕ ಸುಮ್ನೆ ಏನೇನೋ ಹೇಳಿ ಹೆದರಿಸಿದ್ದ, ಮೂರು ವರ್ಷ ಆಯ್ತು, ಒಂದು ನಟ್ಟು ಸಡಿಲ ಆಗಿಲ್ಲ. ಹೆಣ್ಣುಮಗು ಹುಟ್ಟಿದ ಗಾಡಿ ಅಂದ್ರೆ ಲಕ್ಷ್ಮಿ. ಕೊಡಾಕಿಲ್ಲ ಬಿಡ್ರಿ. ಬರ್ರಿ, ಟೀ ಕುಡಿಯಾಣ."

ಟೀ ಕುಡಿದು ವಾಪಸು ಬರುವಾಗ ಎತ್ತಪ್ಪ ನೇರ ಜಂಪಣ್ಣನ ಮನೆಗೆ ಹೋದ. ಜಂಪಣ್ಣ ಹೊರಗೆ ಜಗಲಿಯ ಮೇಲೆ, ರಸ್ತೆಯ ಸದ್ದಿಗೆ ಕಿವಿ ಕೊಟ್ಟು ಕುಳಿತಿದ್ದ. ಎತ್ತಪ್ಪ ಪಕ್ಕದಲ್ಲಿ ಕುಳಿತು, ಉಸಿರು ತೆಗೆದುಕೊಂಡು, ಎಲ್ಲ ಹೇಳಿದ. ಬೇಕಾದ್ದನ್ನು ಬೈಯುವುದು ನಮ್ಮ ಕಸುಬು. ಆವತ್ತು ಹೇಳಿದ್ದು ಒಂದೂ ನಿಜವಲ್ಲ. ಟವೆಲ್ಲಿನ ಕೆಳಗೆ ನೀನು ಕೇಳಿದ್ದಕ್ಕಿಂತ ಹೆಚ್ಚು ಒತ್ತಬೇಕೆಂದಿದ್ದೆ. ಜೀಪು ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ, ಕಣ್ಣಾರೆ ನೋಡಿ ಬಂದೆ.

ರಸ್ತೆಯಲ್ಲಿ ದುರ್ಗದ ಬಸ್ಸು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಕಾದು ಜಂಪಣ್ಣ ಕೇಳಿದ:

"ಚೆನ್ನಾಗಿತ್ತು ಅಂತೀಯ?"

"ಚೆನ್ನಾಗಿತ್ತು ಜಂಪಣ್ಣ."

"ಸುಳಿ?"

"ಎಂಥ ಸುಳಿ. ಹುಣಸೆಮರ ತಾಗಿದ್ದು. ನಿನಗೇ ಗೊತ್ತಲ್ಲ."

"ಹಂಗಾದ್ರೆ ನಾನ್ಯಾಕೆ ಮಾರ್ದೆ?"

ಅವನು ಅದನ್ನು ಎತ್ತಪ್ಪನನ್ನು ಕೇಳಿದ ಹಾಗಿರಲಿಲ್ಲ. ಎದುರಿಗಿದ್ದ ಕತ್ತಲನ್ನು ಕೇಳಿದ ಹಾಗಿತ್ತು. ಮೂರು ವರ್ಷ ಅವನು ಒಂದು ಸಮಾಧಾನದ ಮೇಲೆ ಕುಳಿತಿದ್ದ: ಹಾಳಾದ ಗಾಡಿ, ಹೋಯಿತು, ಸ್ನೇಹಿತನಿಗಾದರೂ ಒಳ್ಳೆಯದು ಸಿಕ್ಕಿತು. ಆ ಸಮಾಧಾನವನ್ನೂ ತಾನು ಈಗ ಕಿತ್ತುಕೊಂಡೆ ಎಂದು ಎತ್ತಪ್ಪನಿಗೆ ಹೊಳೆಯುವಷ್ಟರಲ್ಲಿ ಮಾತು ಬಾಯಿ ದಾಟಿ ಆಗಿತ್ತು. ಹೇಳಬೇಕಾದ ದಿನ ಹೇಳದೆ, ಹೇಳಬಾರದ ದಿನ ಹೇಳಿದ್ದ.

"ಬಾ, ಒಂದು ಸುತ್ತು ಹೋಗಾಣ" ಎಂದ ಎತ್ತಪ್ಪ. ಬೇರೇನೂ ತೋಚಲಿಲ್ಲ. ಜಂಪಣ್ಣ ಬೇಡವೆನ್ನಲಿಲ್ಲ. ಎತ್ತಪ್ಪ ಕೈ ಹಿಡಿದು ಕರೆದೊಯ್ದು ಬಿಳಿ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿದ. ಗಂಗಕ್ಕ ಅಷ್ಟು ದಿನ ಖಾಲಿ ಬಿಟ್ಟಿದ್ದ ಸೀಟು. ಜಂಪಣ್ಣ ಮಖಮಲ್ಲಿನ ಮೇಲೆ ಕೈಯಾಡಿಸಿ, ಕೈ ಎರಡನ್ನೂ ತೊಡೆಯ ಮೇಲೆ ಜೋಡಿಸಿಕೊಂಡು ಕುಳಿತ, ಯಾರದೋ ಮನೆಗೆ ಹೋದವರು ಕುಳಿತುಕೊಳ್ಳುವ ಹಾಗೆ.

ಊರು ದಾಟಿ ಹೊಸದುರ್ಗದ ರಸ್ತೆಗೆ ಬಿದ್ದಾಗ ಎತ್ತಪ್ಪ ಬೇಕೆಂದೇ ಕ್ಲಚ್ಚು ಅರ್ಧ ಬಿಟ್ಟು ಗೇರು ಹಾಕಿದ. ಗಾಡಿ ಕರಕರ ಎಂದು ಹಲ್ಲು ಕಡಿಯಿತು. ಪಕ್ಕದಿಂದ ಏನೂ ಬರಲಿಲ್ಲ. ಮುಂದೆ ಒಂದು ಹಳ್ಳಕ್ಕೆ ಚಕ್ರ ಇಳಿಸಿದ. ಇಬ್ಬರ ತಲೆಯೂ ಮೇಲಿನ ತಗಡಿಗೆ ತಾಗಿತು. ಅದು ಗೇರು ಕಣೋ, ಎತ್ತಿನ ಬಾಲ ಅಲ್ಲ ಎಂಬ ಆ ಹಳೆಯ ದನಿಗೆ ಅವನ ಕಿವಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಇನ್ನೊಮ್ಮೆ ಗೇರು ಕಡಿಸಿದ.

ಜಂಪಣ್ಣ ನೆತ್ತಿ ಸವರಿಕೊಂಡ. ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡು, ಮರ್ಯಾದೆಯಿಂದ, ಮೆಲ್ಲಗೆ ಹೇಳಿದ:

"ಚೆನ್ನಾಗಿ ಓಡಿಸ್ತೀರಿ ಎತ್ತಪ್ಪನೋರೇ."